ಓಡಿಸಿದ ಯಜಮಾನರನ್ನು ಕರೆತರಲು ಅಬಾದಾನಿಗೆ

ಸಿದ್ಧಕಟ್ಟೆ

ನಾನು ಪರ್ಶಿಯಾ ದೇಶಕ್ಕೆ ಹೋಗಿ ಬಂದವನು ಎಂದು ತಿಳಿದ ಕೂಡಲೇ ನಮ್ಮ ಕಡೆಯವರು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ನೆಲ ಅಗೆದರೆ ಎಣ್ಣೆ ಬರುವುದು ಹೌದೋ? ಊಟಕ್ಕೆ ಏನು ಮಾಡಿದಿರಿ? ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನಿದ್ದ ಐದು ವಾರ ಅಲ್ಲಿ ಯಾರೂ ನೆಲ ಅಗೆಯುತ್ತಿರಲಿಲ್ಲ. ಎರಡನೆಯದಕ್ಕೆ ಸೌತೆಕಾಯಿ ತಿಂದೆ ಎಂದು ಹೇಳುತ್ತೇನೆ, ಅದು ನಿಜವೂ ಹೌದು.

ನಾನು ಹೋದದ್ದು 1953ರ ಮಳೆಗಾಲದಲ್ಲಿ, ನಾವೇ ಓಡಿಸಿದ್ದ ಯಜಮಾನರೊಬ್ಬರನ್ನು ಮರಳಿ ಕರೆತರಲಿಕ್ಕೆ. ಅವರು ನನ್ನ ಸೋದರಮಾವ ಪದ್ಮರಾಜರು. ನಮ್ಮದು ಜೈನ ಮನೆ, ಅಳಿಯಸಂತಾನ ಕಟ್ಟಿನದು. ಮನೆತನ ಸಾಗುವುದು ತಾಯಿಯ ಕಡೆಯಿಂದ. ಕಾರುಬಾರು ನಡೆಸುವುದು ತಾಯಿಯ ತಮ್ಮನೋ ಅಣ್ಣನೋ. ಅಪ್ಪಂದಿರು ನಮ್ಮಲ್ಲಿ ನೆಂಟರ ಹಾಗೆ ಬಂದು ಹೋಗುವವರು. ಬೈಯುವುದಕ್ಕೂ ಬೈಸಿಕೊಳ್ಳುವುದಕ್ಕೂ ಮಾವನೇ ಆಗಬೇಕು.

ಪದ್ಮರಾಜ ಮಾವ ಮಡದಿ ತೀರಿಹೋದ, ಮಕ್ಕಳಿಲ್ಲದ ಮನುಷ್ಯ. ಇಡೀ ಮನೆಯನ್ನು ಬೀಗದ ಒಳಗೆ ಇಟ್ಟಿದ್ದರು. ಭತ್ತಕ್ಕೆ ಬೀಗ, ತೆಂಗಿನಕಾಯಿಗೆ ಬೀಗ, ಕಾಫಿ ಪುಡಿಯ ಡಬ್ಬಿಗೂ ಬೀಗ. ಬೆಳಿಗ್ಗೆ ಒಂದು ಲೋಟ ಕಾಫಿ ಸಿಗುತ್ತಿತ್ತು. ಸಂಜೆ ಇನ್ನೊಂದು ಲೋಟ ಕೇಳಿದರೆ, ಬೆಳಗ್ಗಿನದು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ವರ್ಷವಾದರೂ ನಮಗೆ ಸಂಜೆಯ ಕಾಫಿ ಬಂದಿರಲಿಲ್ಲ. ಅದೇ ಹೊತ್ತಿಗೆ ಅಳಿಯಸಂತಾನದ ಮನೆಗಳೂ ಪಾಲಾಗಬಹುದು ಎಂಬ ಹೊಸ ಕಾನೂನು ಬಂತು. ಅಣ್ಣ ಜಿನಪ್ಪ ದಂಗೆ ಎದ್ದ. ಮಾವ ಯಜಮಾನಿಕೆ ಬಿಡಬೇಕು ಎಂದು ಐದು ಮಂದಿ ಅಳಿಯಂದಿರ ರುಜು ಹಾಕಿ ಒಂದು ಅರ್ಜಿ ತಯಾರಾಯಿತು. ಬರೆದವನು ನಾನು. ನಾನು ಪ್ರಾಥಮಿಕ ಶಾಲೆಯ ಮಾಸ್ತರ, ಮನೆಯಲ್ಲಿ ಚಂದದ ಅಕ್ಷರ ನನ್ನದೇ.

ಮನೆಯ ಜಗಳ ಮನೆಯಲ್ಲೇ ಮುಗಿಸಿದರೆ ಅದು ಕ್ರಾಂತಿ ಹೇಗಾಗುತ್ತದೆ? ಹೊರಗಿನ ನಿಷ್ಪಕ್ಷಪಾತಿಯೊಬ್ಬರು ಬೇಕೆಂದು ಮಂಗಳೂರಿನಿಂದ ಒಬ್ಬ ನಿವೃತ್ತ ಮುನ್ಸೀಫರನ್ನು ಕರೆಸಿದೆವು. ಅವರು ಎರಡು ದಿನಕ್ಕೆಂದು ಬಂದರು. ಹೇಗೂ ಇರಲಿ ಎಂದು ತಮ್ಮ ಒರಗುಕುರ್ಚಿಯನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಎರಡೂ ಕಡೆಯ ಮಾತು ಕೇಳಿ, ಅಣ್ಣ ಯಜಮಾನನಾಗಲಿ, ಅವನಿಗೆ ಅನುಭವ ಬರುವವರೆಗೆ ತಾನು ಸಲಹೆಗಾರನಾಗಿ ಇರುತ್ತೇನೆ ಎಂದು ತೀರ್ಪು ಕೊಟ್ಟರು. ಪದ್ಮರಾಜ ಮಾವ ಬೀಗದ ಕೈ ಗೊಂಚಲನ್ನು ಜಗಲಿಯ ಮೇಲೆ ಇಟ್ಟು ಪಾಣೆಮಂಗಳೂರಿನ ಕಡೆಗೆ ನಡೆದವರು ಮತ್ತೆ ಬರಲಿಲ್ಲ. ಏಳು ತಿಂಗಳ ಮೇಲೆ ಪರ್ಶಿಯಾದ ಅಬಾದಾನ್ ಎಂಬ ಊರಿನಿಂದ ಅಮ್ಮನಿಗೆ ಒಂದು ಕಾಗದ ಬಂತು. ಇಂಗ್ಲಿಷರ ಎಣ್ಣೆ ಕಂಪೆನಿಯಲ್ಲಿ ಉಗ್ರಾಣದ ಕೆಲಸ ಸಿಕ್ಕಿದೆ ಎಂದಿತ್ತು.

ಅಣ್ಣನಿಗೆ ಅನುಭವ ಬರಲಿಲ್ಲ. ಮುನ್ಸೀಫರು ಹೋಗಲಿಲ್ಲ. ಮೂರೂವರೆ ವರ್ಷ ನಮ್ಮ ಮನೆಯ ತಂಪು ಕೋಣೆಯಲ್ಲಿ ಒರಗಿಕೊಂಡು ಸಲಹೆ ಕೊಟ್ಟರು. ಸಂಜೆಯ ಕಾಫಿ ಬಂತು, ಆದರೆ ಅವರಿಗೆ. ಪುಡಿ ಮುಗಿಯುತ್ತದೆಂದು ನಮ್ಮ ಬೆಳಗ್ಗಿನದೂ ನಿಂತಿತು. ಕೊನೆಗೆ ಅಣ್ಣನೇ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, ಈ ಮನುಷ್ಯನನ್ನು ಎಬ್ಬಿಸಲು ಮಾವನಿಂದ ಮಾತ್ರ ಸಾಧ್ಯ ಎಂದ. ಓಡಿಸಿದವರೇ ಕರೆತರುವುದು ಎಂದು ತೀರ್ಮಾನವಾಯಿತು.

ಅಮ್ಮ ಮುನ್ಸೀಫರ ಸುದ್ದಿ ಎತ್ತಲಿಲ್ಲ. ನಾನು ಹೊರಡುವ ದಿನ ಗಂಟು ಕಟ್ಟಿ ಕೊಡುತ್ತಾ ಒಂದೇ ಮಾತು ಹೇಳಿದಳು.

"ನನಗೆ ಇರುವುದು ಒಬ್ಬನೇ ತಮ್ಮ. ಕರ್ಕೊಂಡು ಬಾ."

ಹಡಗಿನ ಡೆಕ್

ಮಳೆಗಾಲದಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಹಡಗಿಲ್ಲ. ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ರೈಲು. ಬೊಂಬಾಯಿಯಲ್ಲಿ ಹಡಗು ಹತ್ತಿ ಡೆಕ್ಕಿನ ಮೇಲೆ ಚಾಪೆ ಹಾಕಿದ ಮೇಲೆ ಮೊದಲ ಮೂರು ದಿನ ಸಮುದ್ರ ಹೇಗಿತ್ತು ಎಂದು ಕೇಳಬೇಡಿ, ನಾನು ಬಕೆಟ್ಟಿನ ಒಳಗೆ ನೋಡುತ್ತಿದ್ದೆ.

ನಾಲ್ಕನೆಯ ದಿನ ಹಸಿವಾಯಿತು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜಾತಿ ನಮ್ಮದು. ನಮ್ಮೂರಿನಲ್ಲಿ ಸೂರ್ಯ ಗುಡ್ಡದ ಹಿಂದೆ ಹೋದರೆ ಆಯಿತು, ತಟ್ಟೆ ತೊಳೆಯಬಹುದು. ಸಮುದ್ರದಲ್ಲಿ ಗುಡ್ಡವಿಲ್ಲ. ಸೂರ್ಯ ನೀರಿನ ಅಂಚಿನಲ್ಲಿ ಕೂತು ಹೋಗಲೋ ಬೇಡವೋ ಎಂದು ಯೋಚಿಸುತ್ತಾನೆ. ನಾನು ಅವಲಕ್ಕಿ ಬಾಯಿಗೆ ಹಾಕುವುದು, ಪಡುವಣಕ್ಕೆ ನೋಡುವುದು, ಇನ್ನೊಂದು ಹಿಡಿ ಹಾಕುವುದು. ಪಕ್ಕದ ಚಾಪೆಯ ಸಿಂಧಿ ವ್ಯಾಪಾರಿಗೆ ಇದೇ ಸಂಜೆಯ ಆಟವಾಯಿತು. ಅವನು ನನ್ನ ಪರವಾಗಿ ಸೂರ್ಯನನ್ನು ಕಾಯುತ್ತಿದ್ದ. ಕೊನೆಯ ಚೂರು ಮುಳುಗಿದ ಕೂಡಲೇ ಕೈ ಎತ್ತಿ ನಿಲ್ಲಿಸುತ್ತಿದ್ದ.

ಹದಿನೈದು ವರ್ಷದಿಂದ ಪರ್ಶಿಯಾಕ್ಕೆ ಹೋಗಿ ಬರುವ ಆ ಮನುಷ್ಯನಿಗೆ ಅಲ್ಲಿನ ರಾಜಕೀಯವೆಲ್ಲ ಬಾಯಿಪಾಠ. ಎಣ್ಣೆ ನಮ್ಮದು ಎಂದು ಅಲ್ಲಿನ ಮುದಿ ಪ್ರಧಾನಿ ಇಂಗ್ಲಿಷರನ್ನು ಹೊರಗೆ ಹಾಕಿ ಎರಡು ವರ್ಷವಾಗುತ್ತಾ ಬಂದಿತ್ತು. ಸಿಟ್ಟಾದ ಇಂಗ್ಲಿಷರು ಆ ಎಣ್ಣೆಯನ್ನು ಯಾರೂ ಕೊಳ್ಳದ ಹಾಗೆ ಮಾಡಿದ್ದರು. ರಾಜನಿಗೂ ಪ್ರಧಾನಿಗೂ ಮಾತಿಲ್ಲ. ಇಷ್ಟೆಲ್ಲ ವಿವರಿಸಿ, ಆದರೆ ಹೆದರಬೇಡಿ, ಆ ದೇಶದಲ್ಲಿ ಯಾವುದೂ ಬೇಗ ಆಗುವುದಿಲ್ಲ ಎಂದು ಧೈರ್ಯ ಹೇಳಿದ. ತಿಳಿದವರ ಮಾತು ಎಂದು ನಾನು ನಂಬಿದೆ.

ಖೊರಮ್‌ಶಹರ್

ಹಡಗು ಇಳಿದ ಬಂದರಿನ ಬಿಸಿಲನ್ನು ವರ್ಣಿಸುವ ಶಕ್ತಿ ನನಗಿಲ್ಲ. ಖರ್ಜೂರದ ಮರಗಳೂ ನೆರಳು ಕೊಡಲು ಸೋತಿದ್ದವು. ಬಾಯಾರಿ ಒಂದು ಅಂಗಡಿಯಲ್ಲಿ ಕರಬೂಜದ ಹಣ್ಣು ತೆಗೆದುಕೊಂಡೆ. ಎಷ್ಟಾಯಿತು ಎಂದು ಕೈಸನ್ನೆಯಲ್ಲಿ ಕೇಳಿದರೆ ಅಂಗಡಿಯ ಮುದುಕ ಎದೆಯ ಮೇಲೆ ಕೈ ಇಟ್ಟು, ತಲೆ ಬಾಗಿಸಿ, ಏನೂ ಬೇಡ ಎಂಬಂತೆ ಕಣ್ಣು ಮುಚ್ಚಿದ. ನಾನು ಕರಗಿಹೋದೆ. ಬಂಟ್ವಾಳ ಪೇಟೆಯಲ್ಲಿ ಹುಟ್ಟಿದ ಯಾವ ಅಂಗಡಿಯವನೂ ಎಂದಾದರೂ ಹೀಗೆ ಮಾಡಿದ್ದುಂಟೆ? ಕೈಮುಗಿದು ಹಣ್ಣನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುದುಕ ಕೂಗುತ್ತಾ ಬಂದು ನನ್ನ ಅಂಗಿಯ ತೋಳು ಹಿಡಿದಿದ್ದ, ಅವನ ಹಿಂದೆ ಅರ್ಧ ಬಜಾರು.

ಅಲ್ಲಿಯ ಮರ್ಯಾದೆ ಅದು. ಮೂರು ಸಲ ಬೇಡ ಎನ್ನಬೇಕು, ಮೂರು ಸಲ ಒತ್ತಾಯ ಮಾಡಬೇಕು, ಆಮೇಲೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸಕ್ಕೆ ಬೇಡ ಬೇಡ ಎನ್ನುತ್ತಾ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಇದೇ ತಾನೇ? ನಾನು ಅಡ್ಡ ಹಿಡಿದ ಕೈಯನ್ನು ನಂಬಿ ಬಡಿಸದೆ ಮುಂದೆ ಹೋದವನ ಹಾಗೆ ಆಗಿದ್ದೆ.

ಅಬಾದಾನ್, ಉಗ್ರಾಣ

ಮಾವನನ್ನು ಹುಡುಕಲು ಕಷ್ಟವಾಗಲಿಲ್ಲ. ಹಿಂದಿ ಉಗ್ರಾಣಿ, ಅಂದರೆ ಹಿಂದೂಸ್ತಾನದ ಉಗ್ರಾಣಿ, ಎಂದರೆ ಅಬಾದಾನಿನಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲಿಷರು ಹೋದಾಗ ಅವರೊಂದಿಗೆ ಬಹುತೇಕ ಭಾರತೀಯರೂ ಹೋಗಿದ್ದರು. ಮಾವ ಉಳಿದಿದ್ದರು, ಏಕೆಂದರೆ ಆ ದೊಡ್ಡ ಉಗ್ರಾಣದಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಅವರೊಬ್ಬರಿಗೇ ತಿಳಿದಿತ್ತು. ಹೊಸ ಸರಕಾರದವರು ಇಂಗ್ಲಿಷರನ್ನು ಓಡಿಸಿದರು. ಸಿದ್ಧಕಟ್ಟೆಯ ಯಜಮಾನರನ್ನು ಓಡಿಸುವ ಧೈರ್ಯ ಅವರಿಗೂ ಬರಲಿಲ್ಲ.

ಬಾಗಿಲಲ್ಲಿ ನಿಂತ ನನ್ನನ್ನು ಮಾವ ತುಸು ಹೊತ್ತು ನೋಡಿದರು. ತೆಳ್ಳಗಾಗಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಮನೆಯದಕ್ಕಿಂತ ಮೂರು ಪಾಲು ದೊಡ್ಡದು. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕ್ರಮ. ಅಲ್ಲಿ ಬೆಲ್ಲ ಎಲ್ಲಿ? ನಾಲ್ಕು ಖರ್ಜೂರವನ್ನೂ ಬಟ್ಟೆಯಲ್ಲಿ ಸೋಸಿದ ನೀರನ್ನೂ ಮುಂದಿಟ್ಟರು. ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಉಳಿದವರ ಬಗ್ಗೆ ಕೇಳಲಿಲ್ಲ.

ಅವರ ಕೈಕೆಳಗಿನ ಗುಮಾಸ್ತ ರಹೀಮ್ ಆಗಾ ಎಂಬಾತ ಮಾತ್ರ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಗಾಬರಿ ಮಾಡಿದ. ನಲವತ್ತರ ಆಸುಪಾಸಿನ ಮನುಷ್ಯ, ಪ್ರಧಾನಿಯ ಪರಮ ಭಕ್ತ. ಮಾವ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ತಿಳಿದಾಗಿನಿಂದ ದಿನಾ ಮಧ್ಯಾಹ್ನ ಮನೆಯಿಂದ ಸೌತೆಕಾಯಿ, ಮೊಸರು, ರೊಟ್ಟಿ ತರುತ್ತಿದ್ದ. ಆ ದೇಶದಲ್ಲಿ ಈರುಳ್ಳಿ ಹಾಕದೆ ಅಡುಗೆ ಮಾಡು ಎಂದು ಹೆಂಡತಿಗೆ ಹೇಳಲು ಎಷ್ಟು ಧೈರ್ಯ ಬೇಕೋ! ಅವನು ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯನ್ನು ದೂರದಿಂದ ತೋರಿಸಿದ. ಹೆಚ್ಚಿನ ಕೊಳವೆಗಳಲ್ಲಿ ಹೊಗೆಯಿಲ್ಲ. ಕೆಲಸಗಾರರು ಸಮಯಕ್ಕೆ ಸರಿಯಾಗಿ ಬರುತ್ತಾರೆ, ಯಂತ್ರ ಒರೆಸುತ್ತಾರೆ, ನಾಲ್ಕಕ್ಕೆ ಇಂಗ್ಲಿಷರ ಪದ್ಧತಿಯಲ್ಲೇ ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಇದೆಲ್ಲ ಈಗ ನಮ್ಮದು ಎಂದು ರಹೀಮ್ ಆಗಾ ಹೇಳಿದನೆಂದು ಜತೆಗೆ ಬಂದಿದ್ದ ಮಾವ ಅನುವಾದಿಸಿದರು. ಅವನ ಕಣ್ಣಲ್ಲಿ ನೀರಿತ್ತು. ನಗಬೇಕೆಂದು ಬಾಯಿ ತೆರೆದ ನನಗೆ ನಗು ಬರಲಿಲ್ಲ.

ಎರಡನೆಯ ವಾರ ಧೈರ್ಯ ಮಾಡಿ ವಿಷಯ ತೆಗೆದೆ. ಅಣ್ಣನ ಅವಸ್ಥೆ, ಮುನ್ಸೀಫರ ಒರಗುಕುರ್ಚಿ, ಕಾಫಿ, ಎಲ್ಲ ಹೇಳಿದೆ. ಎಲ್ಲರೂ ನಿಮ್ಮ ದಾರಿ ನೋಡುತ್ತಿದ್ದಾರೆ ಎಂದೆ. ಮಾವ ಕೇಳಿಸಿಕೊಂಡರು, ಮುನ್ಸೀಫರ ಭಾಗ ಬಂದಾಗ ಮೀಸೆಯ ಕೆಳಗೆ ನಕ್ಕಂತೆ ಕಂಡಿತು. ಮೂರು ದಿನ ಬಿಟ್ಟು ತಮ್ಮ ಟ್ರಂಕನ್ನು ಹೊರಗೆ ಎಳೆದು ಬಿಸಿಲಿಗೆ ಇಟ್ಟರು. ಬರ್ತಾರೆ ಎಂದು ನಾನು ಅಮ್ಮನಿಗೆ ಆ ದಿನವೇ ಕಾಗದ ಹಾಕಿದೆ.

ಅಬಾದಾನ್, ರಾಜನಿಲ್ಲದ ಮೂರು ದಿನ

ಟ್ರಂಕಿನ ವಾಸನೆ ಹೋಗುವ ಮೊದಲೇ ರಾಜ ಓಡಿಹೋದ. ಪ್ರಧಾನಿಯನ್ನು ತೆಗೆದುಹಾಕಲು ಹೊರಟು, ಅದು ಆಗದೆ, ವಿಮಾನ ಹತ್ತಿ ಪರದೇಶಕ್ಕೆ ಹೋದನೆಂದು ರೇಡಿಯೋ ಹೇಳಿತು. ಯಾವುದೂ ಬೇಗ ಆಗದ ದೇಶ ಅದು.

ಬೀದಿಯಲ್ಲಿ ಜನ ಸೇರಿದರು. ಪಂಚೆ, ಟೊಪ್ಪಿ ಹಾಕಿದ ನನ್ನನ್ನು ಸುತ್ತುವರಿದು ನೀನು ಯಾರ ಕಡೆ ಎಂದು ಕೇಳಿದರು. ಇಂಥ ಹೊತ್ತಿಗೆಂದೇ ಮಾವ ಒಂದು ವಾಕ್ಯ ಕಲಿಸಿದ್ದರು: ಹರ್ ಚೆ ಬೆಫರ್ಮಾಯೀದ್, ತಾವು ಅಪ್ಪಣೆ ಕೊಡಿಸಿದ ಹಾಗೆ. ಹೇಳಿದೆ. ಸಂತೋಷಪಟ್ಟು ಬಿಟ್ಟರು. ನಾಲ್ಕು ದಿನದ ಮೇಲೆ ಅದೇ ಬೀದಿಯಲ್ಲಿ ರಾಜನ ಕಡೆಯವರು ಅದೇ ಪ್ರಶ್ನೆ ಕೇಳಿದಾಗಲೂ ಅದನ್ನೇ ಹೇಳಿದೆ, ಅವರೂ ಸಂತೋಷಪಟ್ಟರು. ಇಬ್ಬರ ಗುಂಪಿನಲ್ಲೂ ಕೆಲವು ಮುಖಗಳು ಒಂದೇ ಆಗಿದ್ದವೆಂದು ನನಗೆ ಅನುಮಾನ.

ಕಚೇರಿಗಳಿಂದ ರಾಜನ ಪಟಗಳನ್ನೆಲ್ಲ ಇಳಿಸಿ ಉಗ್ರಾಣಕ್ಕೆ ತಂದರು. ಕೆಲವರಿಗೆ ಅವುಗಳನ್ನು ಒಡೆಯುವ ಆಸೆ. ಮಾವ ಬಾಗಿಲಿಗೆ ಅಡ್ಡ ನಿಂತರು. ಗಾಜು ಹಾಕಿದ ಸಾಮಾನು, ಒಳಗೆ ಇಡುವುದಾದರೆ ಇಡಿ, ಒಡೆಯುವುದಾದರೆ ಯಾರು ಒಡೆದದ್ದು ಎಂದು ಬರೆದು ರುಜು ಹಾಕಿ ಎಂದರು. ರುಜು ಎಂದ ಕೂಡಲೇ ಕ್ರಾಂತಿಕಾರಿಗಳು ಪಟಗಳನ್ನು ನಾಜೂಕಾಗಿ ಗೋಡೆಗೆ ಒರಗಿಸಿ ಹೋದರು. ರಹೀಮ್ ಆಗಾ ಮಾವನ ಮೇಲೆ ಮುನಿಸಿಕೊಂಡ. ಮಾರನೆಯ ಮಧ್ಯಾಹ್ನ ಸೌತೆಕಾಯಿ ತಂದ, ಆದರೆ ಮಾತಾಡಲಿಲ್ಲ.

ಅಬಾದಾನ್, ರಾಜ ಬಂದ ಮೇಲೆ

ನಾಲ್ಕನೆಯ ದಿನ ಎಲ್ಲ ತಿರುಗಿತು. ರಾಜಧಾನಿಯಲ್ಲಿ ಜನ ಬೀದಿಗಿಳಿದು ರಾಜನಿಗೆ ಜಯಕಾರ ಹಾಕಿದರಂತೆ, ಟ್ಯಾಂಕುಗಳು ಬಂದವಂತೆ, ಪ್ರಧಾನಿ ಸಿಕ್ಕಿಬಿದ್ದನಂತೆ. ಆ ಜನರನ್ನು ಬೀದಿಗಿಳಿಸಿದವರು ಯಾರು ಎಂಬುದರ ಬಗ್ಗೆ ಬಜಾರಿನಲ್ಲಿ ಎರಡು ಮತ. ಇಂಗ್ಲಿಷರು ಎಂದು ಒಂದು ಮತ, ಅಮೆರಿಕದವರು ಎಂದು ಇನ್ನೊಂದು. ಪರ್ಶಿಯಾದವರೇ ಇರಬಹುದೇ ಎಂದು ಮಾವನ ಮೂಲಕ ನಾನು ಕೇಳಿದ್ದಕ್ಕೆ ಚಹಾದಂಗಡಿಯವನು ಕನಿಕರದಿಂದ ನೋಡಿದ. ಮರುವರ್ಷ ಪೇಪರಿನಲ್ಲಿ ಓದಿದೆ, ಒಬ್ಬ ಇಂಗ್ಲಿಷನನ್ನು ಓಡಿಸಿ ಉಳಿಸಿಕೊಂಡ ಆ ಎಣ್ಣೆಗೆ ಈಗ ನಾಲ್ಕು ದೇಶದ ಕಂಪೆನಿಗಳು ಒಟ್ಟಾಗಿ ಬಂದಿವೆಯಂತೆ. ನಮ್ಮ ಮನೆಗೆ ಒಂದೇ ಒರಗುಕುರ್ಚಿ ಬಂದದ್ದು ಪುಣ್ಯ.

ಪಟ ಕೇಳಿಕೊಂಡು ಸೈನಿಕರು ಬಂದರು. ರಾಜನ ಪಟಗಳು ಒಂದು ಗೀರೂ ಇಲ್ಲದೆ ಸಿಕ್ಕಿದ್ದಕ್ಕೆ ಅವರ ಅಧಿಕಾರಿ ಮಾವನ ಬೆನ್ನು ತಟ್ಟಿದ. ಮಾವ ರುಜು ಹಾಕಿಸಿಕೊಂಡೇ ಕೊಟ್ಟರು. ಆಮೇಲೆ ಆ ಅಧಿಕಾರಿ ಜೇಬಿನಿಂದ ಒಂದು ಕಾಗದ ತೆಗೆದ. ಅದರಲ್ಲಿ ಹೆಸರುಗಳ ಪಟ್ಟಿ. ರಹೀಮ್ ಆಗಾ ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದ. ಇಬ್ಬರು ಹೋಗಿ ಅವನ ತೋಳು ಹಿಡಿದರು. ಅವನು ಗಲಾಟೆ ಮಾಡಲಿಲ್ಲ. ಹೋಗುತ್ತಾ ಮಾವನ ಕಡೆ ತಿರುಗಿ ಬುತ್ತಿಯನ್ನು ತೋರಿಸಿದ, ತಿನ್ನಿ ಎಂಬಂತೆ.

ಮಾವ ಅಧಿಕಾರಿಯ ಹಿಂದೆ ಓಡಿದರು. ಆ ಮನುಷ್ಯ ಒಳ್ಳೆಯವನು, ನಾನು ಹೊಣೆ ಎಂದರು. ಅಧಿಕಾರಿ ಸಿಟ್ಟಾಗಲಿಲ್ಲ. ಇದು ನಿಮ್ಮ ಕಚೇರಿಯವರೇ ಯಾರೋ ಬರೆದುಕೊಟ್ಟ ಪಟ್ಟಿ ಎಂದು ಕಾಗದವನ್ನು ತೋರಿಸಿದ. ಚಂದದ ಅಕ್ಷರ. ಮಾವ ಅದನ್ನು ನೋಡುತ್ತಾ ನಿಂತರು. ಬರೆದವನು ಯಾರೆಂದು ಅವರಿಗೆ ಗೊತ್ತಾಯಿತು ಎಂದು ಮುಖದಲ್ಲೇ ಕಂಡಿತು, ಆದರೆ ಹೆಸರು ಹೇಳಲಿಲ್ಲ.

ಆ ಮೇಲೆ ಮೂರು ದಿನ ಮಾವ ಆ ಕಚೇರಿ ಈ ಕಚೇರಿ ಅಲೆದರು. ಏನೂ ಪ್ರಯೋಜನವಾಗಲಿಲ್ಲ. ನಾಲ್ಕನೆಯ ದಿನ ಟ್ರಂಕನ್ನು ಒಳಗೆ ತಂದು ಮಂಚದ ಕೆಳಗೆ ತಳ್ಳಿದರು. ಅಮ್ಮನಿಗೆ ಬರ್ತಾರೆ ಎಂದು ಬರೆದಿದ್ದೇನೆ ಎಂದೆ.

"ಬರೆದದ್ದು ತಪ್ಪಾಯ್ತು," ಎಂದರು. "ವಾಪಸು ಬಂದ ರಾಜ ಮೊದಲು ಮಾಡುವ ಕೆಲಸ ಏನು ನೋಡಿದೆಯಲ್ಲ? ತನ್ನ ವಿರುದ್ಧ ಬರೆದವ ಯಾರು ಅಂತ ಹುಡುಕುವುದು. ನಾನು ಬಂದ್ರೆ ನಾನೂ ಅದನ್ನೇ ಮಾಡ್ತೇನೆ, ಧರಣ. ನನ್ನ ಬುದ್ಧಿ ನನಗೆ ಗೊತ್ತುಂಟು. ಹುಡುಕುವ ಕಷ್ಟವೂ ಇಲ್ಲ. ಆ ಅರ್ಜಿಯ ಅಕ್ಷರ ನಾನೇ ಕೈಹಿಡಿದು ಕಲಿಸಿದ್ದು."

ನಾನು ಆಗ ಏನು ಮಾಡಿದೆ? ಮಾಸ್ತರ ಮಾಡುವುದನ್ನೇ ಮಾಡಿದೆ, ವಾದ ಹೂಡಿದೆ. ಅಣ್ಣ ಒಪ್ಪಿದ್ದಾನೆ, ಮುನ್ಸೀಫರನ್ನು ಕಳಿಸುವುದು ಸುಲಭ, ಬೇಕಾದರೆ ಐದೂ ಮಂದಿಯಿಂದ ಹೊಸ ಕಾಗದ ಬರೆಸಿಕೊಡುತ್ತೇನೆ ಎಂದೆ. ಹೊಸ ಕಾಗದ ಎಂದಾಗ ಮಾವ ನನ್ನ ಮುಖವನ್ನೇ ನೋಡಿದರು. ಅವರು ಏನೋ ಕಾಯುತ್ತಿದ್ದ ಹಾಗಿತ್ತು. ನಾನು ಮಾತು ಮುಂದುವರಿಸಿದೆ.

ಕೊನೆಗೆ ಅವರೇ ಹೇಳಿದರು. "ನೀವು ಗಂಡಸರು ಯಜಮಾನಿಕೆಗೆ ಹೊಡೆದಾಡಿದಿರಿ, ನಾನೂ ಸೇರಿ. ಕಟ್ಟಿನ ಪ್ರಕಾರ ಮನೆಯಲ್ಲಿ ಹಿರಿಯ ತಲೆ ಯಾರದ್ದು? ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹೆಂಗಸು ಯಜಮಾನ್ತಿ ಆಗಬಾರದು ಅಂತ ನಮ್ಮಲ್ಲಿ ಎಲ್ಲಿಯೂ ಇಲ್ಲ. ಹೋಗಿ ಅವಳನ್ನು ಕೇಳಿ."

ಮರಳಿ ಹಡಗು ಹತ್ತುವ ದಿನ ಮಾವ ಬಂದರಿನವರೆಗೂ ಬಂದರು. ದಾರಿಯಲ್ಲಿ ರಹೀಮ್ ಆಗಾನ ಮನೆಗೆ ಹೋಗಿ ಒಂದು ಚೀಲ ಗೋಧಿ ಹಿಟ್ಟು ಇಳಿಸಿದರು. ಅವನ ಹೆಂಡತಿ ಮೂರು ಸಲ ಬೇಡವೆಂದಳು.

ಮೂಡಬಿದಿರೆ

ಬಂಟ್ವಾಳದಲ್ಲಿ ಬಸ್ಸು ಹಿಡಿದು ಮನೆಯ ದಾರಿಯಲ್ಲಿ ಇಳಿಯದೆ ನೇರ ಮೂಡಬಿದಿರೆಗೆ ಹೋದೆ. ದಶಲಕ್ಷಣ ಪರ್ವದ ಹತ್ತು ದಿನ ಅಮ್ಮ ಅಲ್ಲಿಯ ಬಸದಿಯ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇರುವುದು ರೂಢಿ. ನಾನು ತಲುಪುವಾಗ ಪರ್ವ ಮುಗಿದು ಮಾರನೆಯ ದಿನ. ಅಣ್ಣನೂ ಅಲ್ಲಿದ್ದ. ಅಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ರಸ್ತೆಯನ್ನು ನೋಡಿದಳು. ಬಸ್ಸು ಹೊರಟುಹೋಗಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ರಾಜ, ಪಟಗಳು, ರಹೀಮ್ ಆಗಾ, ಮಾವ ಟ್ರಂಕು ಒಳಗೆ ತಂದದ್ದು. ಅರ್ಜಿಯ ಅಕ್ಷರದ ಮಾತನ್ನೂ ಹೇಳಿದೆ. ಕೊನೆಗೆ ಯಜಮಾನ್ತಿಯ ವಿಷಯ ಹೇಳಿದಾಗ ಅಣ್ಣ ನಗಲು ಹೊರಟವನು ಅಮ್ಮನ ಮುಖ ನೋಡಿ ನಿಲ್ಲಿಸಿದ. ಆಗಲಿ, ನಾನೇ ನೋಡಿಕೊಳ್ತೇನೆ ಎಂದು ಅಮ್ಮ ಹೇಳಿದಳು. ಅಣ್ಣ ತಲೆಯಾಡಿಸಿ ಒಪ್ಪಿದ. ನಮ್ಮ ನಾಲ್ಕು ವರ್ಷದ ಕ್ರಾಂತಿ ಮುಗಿಯಲು ಒಂದು ವೀಳ್ಯ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ. ಮುನ್ಸೀಫರ ಕಥೆ ಮರುವಾರದ್ದು, ಇಲ್ಲಿಯೇ ಹೇಳಿಬಿಡುತ್ತೇನೆ. ಅಮ್ಮ ಗಾಡಿ ಕಟ್ಟಿಸಿ, ಒರಗುಕುರ್ಚಿಯನ್ನು ಮೊದಲು ಹತ್ತಿಸಿ, ಆಮೇಲೆ ಅವರಿಗೆ ಒಂದು ಲೋಟ ಕಾಫಿ ಕೊಟ್ಟಳು. ಅವರು ಕುಡಿದು ಕುರ್ಚಿಯ ಹಿಂದೆಯೇ ಹೋದರು.

ಆ ಸಂಜೆ ಬಸದಿಯಲ್ಲಿ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ಕ್ರಮ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಕೈಮುಗಿಯುತ್ತಾ ಹೋಗುವುದು. ನಾನೂ ಮುಗಿದೆ. ಹೆಸರು ಗೊತ್ತಿಲ್ಲದ ವೇಣೂರಿನ ಅಜ್ಜನಲ್ಲಿ ಕೇಳಿದೆ, ನನ್ನ ಸೈಕಲ್ಲಿಗೆ ಅಡ್ಡ ಬಂದು ನನ್ನನ್ನೇ ಬೀಳಿಸಿದವನಲ್ಲಿ ಕೇಳಿದೆ, ಚಿಕ್ಕ ಮಕ್ಕಳಲ್ಲಿ ಕೇಳಿದೆ. ಅರ್ಧ ಗಂಟೆಯಲ್ಲಿ ಅರವತ್ತು ಎಪ್ಪತ್ತು ಜನರಲ್ಲಿ ಕ್ಷಮೆ ಕೇಳಿ ಹಗುರಾಗಿ ಹೊರಗೆ ಬಂದೆ.

ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅವಳಿಗೂ ಕೈಮುಗಿಯಲು ಬಾಗಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಪದ್ಮರಾಜನ ಹತ್ತಿರ ಇದನ್ನು ಕೇಳಿದೆಯಾ?"

ಖರ್ಜೂರ ಇಟ್ಟ ದಿನ ಕೇಳಬಹುದಿತ್ತು. ಅಕ್ಷರದ ಮಾತು ಬಂದ ದಿನ ಅವರು ಅದಕ್ಕೇ ಕಾದಿದ್ದರು. ಐದು ವಾರ ಅವರ ಪಕ್ಕದಲ್ಲಿ ಉಂಡು ಮಲಗಿದ್ದೆ.

"ಇಲ್ಲಮ್ಮ," ಎಂದೆ.

ಅಮ್ಮ ಕೈ ಬಿಟ್ಟಳು.

"ಹಾಗಾದ್ರೆ ನೀನು ಅಲ್ಲಿಗೆ ಹೋಗಲೇ ಇಲ್ಲ."